ಅವ್ವಂಗೆ ಕೀಮೋ ನಡೀತಿದೆ, ಜೊತೆಗೆ ಅಕ್ಯುಪಂಕ್ಚರ್ ಮಾಡಿಸಬಹುದಾ? (ಮಂಡ್ಯ, ಮೈಸೂರು ಕಡೆಯವರು ದಯವಿಟ್ಟು ಹೇಳಿ)

ಪಾಂಡವಪುರದವಳು

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ನಮ್ಮವ್ವಂಗೆ ಬಲಗಡೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ, ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದಿದ್ದಾರೆ. ಈಗ ಮೈಸೂರಿನಲ್ಲಿ ಕೀಮೋ. ಮೊದಲು ಮೂರು ವಾರಕ್ಕೊಂದು ಸಲ ಕೆಂಪು ಔಷಧಿ ಹಾಕಿದ್ರು, ಅದು ಮುಗೀತು. ಈಗ ವಾರವಾರ ಪ್ಯಾಕ್ಲಿಟ್ಯಾಕ್ಸೆಲ್. ಇದಾದ್ಮೇಲೆ ರೇಡಿಯೇಷನ್, ಆಮೇಲೆ ವರ್ಷಗಟ್ಟಲೆ ಲೆಟ್ರೊಝೋಲ್ ಮಾತ್ರೆ ಅಂದಿದ್ದಾರೆ.

ತೊಂದರೆ ಎರಡು. ಒಂದು ವಾಕರಿಕೆ. ಮಾತ್ರೆ ಕೊಟ್ಟಿದ್ದಾರೆ, ವಾಂತಿ ನಿಂತಿದೆ, ಆದ್ರೆ ಹೊಟ್ಟೆ ತೊಳಸೋದು ಹೋಗಿಲ್ಲ. ಉಪ್ಸಾರಿಗೆ ಖಾರ ಅರೆಯೋಕೆ ಬೆಳ್ಳುಳ್ಳಿ ಸುಲಿದ್ರೆ ಸಾಕು, ಎದ್ದು ಹಿತ್ತಿಲಿಗೆ ಹೋಗ್ತಾಳೆ. ಮುದ್ದೆ ಬಿಟ್ಟು ಗಂಜಿ ಮೇಲೆ ಬದುಕ್ತಿದ್ದಾಳೆ. ಎರಡನೇದು ಕಾಲು ಜೋಮು. ಹವಾಯಿ ಚಪ್ಪಲಿ ಕಾಲಿಂದ ಜಾರಿ ಹೋದ್ರೂ ಗೊತ್ತಾಗಲ್ಲ. ಮೊನ್ನೆ ಕೊಟ್ಟಿಗೆ ತನಕ ಒಂದೇ ಕಾಲಲ್ಲಿ ಚಪ್ಪಲಿ ಹಾಕ್ಕೊಂಡು ಹೋಗಿ ಬಂದಿದ್ದಾಳೆ, ನಾನು ತೋರಿಸಿದ ಮೇಲೇ ನೋಡ್ಕೊಂಡಿದ್ದು.

ನಮ್ಮ ಚಿಕ್ಕಪ್ಪ ಮೈಸೂರಿನಲ್ಲಿ ಸೂಜಿ ಚುಚ್ಚಿ ಗುಣ ಮಾಡೋರೊಬ್ಬರು ಇದ್ದಾರೆ, ಅಲ್ಲಿ ಮಾಡಿಸಿದ್ರೆ ರೇಡಿಯೇಷನ್ನೇ ಬೇಕಾಗಲ್ಲ ಅಂತ ದಿನಾ ಫೋನ್ ಮಾಡ್ತಾರೆ. ರೇಡಿಯೇಷನ್ ಬಿಡೋ ಮಾತೇ ಇಲ್ಲ, ಅದರಲ್ಲಿ ನಾನು ಗಟ್ಟಿಯಾಗಿದ್ದೀನಿ. ಆದ್ರೆ ವಾಕರಿಕೆಗೆ, ಜೋಮಿಗೆ ಅಕ್ಯುಪಂಕ್ಚರ್ ನಿಜವಾಗ್ಲೂ ಆಗುತ್ತಾ? ಕೀಮೋ ನಡೀವಾಗ ಮಾಡಿಸಿದ್ರೆ ಅಪಾಯನಾ? ಅವ್ವನ್ನ ಕೇಳಿದ್ರೆ, "ಇಷ್ಟು ಸೂಜಿ ಚುಚ್ಚಿಸ್ಕೊಂಡಿವ್ನಿ, ಇನ್ನು ನಾಲ್ಕು ಚುಚ್ಚಿದ್ರೆ ಏನಾಯ್ತದೆ ಬುಡು" ಅಂತಾಳೆ. ಓಪಿಡಿಲಿ ಅಷ್ಟು ಜನ ಇರ್ತಾರೆ, ಡಾಕ್ಟರ್ ಹತ್ರ ಇದನ್ನ ಹೆಂಗೆ ಕೇಳೋದು ಅಂತ ಅಂಜಿಕೆ. ಅನುಭವ ಇರೋರು ಹೇಳಿ.

ನಿವೃತ್ತ ಮೇಡಂ, ಸರಸ್ವತಿಪುರಂ

ಮಗಳೇ, ಮೊದಲು ನಿಮ್ಮವ್ವನಿಗೆ ನನ್ನ ನಮಸ್ಕಾರ ಹೇಳಿ. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತಳಾದವಳು. ನನಗೂ ಇದೇ ಕಾಯಿಲೆ, ನನ್ನದು ಎಡಗಡೆ. ಆಪರೇಷನ್, ಕೀಮೋ, ರೇಡಿಯೇಷನ್ ಮುಗಿಸಿ ಈಗ ಲೆಟ್ರೊಝೋಲ್ ನುಂಗುತ್ತಿದ್ದೇನೆ. ಅಕ್ಯುಪಂಕ್ಚರ್ ಮಾಡಿಸಿಕೊಂಡಿದ್ದೇನೆ, ಈಗಲೂ ಬೇಕೆನಿಸಿದಾಗ ಹೋಗುತ್ತೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಓದಿಕೊಳ್ಳಿ.

ಸೂಜಿಯಿಂದ ಗಡ್ಡೆ ಕರಗುವುದಿಲ್ಲ. ಗಡ್ಡೆಗೆ ಆಪರೇಷನ್, ಕೀಮೋ, ರೇಡಿಯೇಷನ್, ಮಾತ್ರೆ, ಇಷ್ಟೇ. ಆದರೆ ಈ ಚಿಕಿತ್ಸೆಗಳನ್ನು ಅರ್ಧಕ್ಕೆ ಬಿಡದೆ ಮುಗಿಸುವುದೇ ಎಷ್ಟೋ ಹೆಂಗಸರಿಗೆ ಕಷ್ಟವಾಗುತ್ತದೆ. ಒಬ್ಬರಿಗೆ ವಾಕರಿಕೆ, ಒಬ್ಬರಿಗೆ ನೋವು, ಒಬ್ಬರಿಗೆ ನಿದ್ದೆಯಿಲ್ಲ. ಅಲ್ಲಿ ಸೂಜಿಗೆ ಕೆಲಸವಿದೆ. ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳುವ ತ್ರಾಣ ಉಳಿಸಲು ಅದು ಬೇಕು, ಚಿಕಿತ್ಸೆ ತಪ್ಪಿಸಲು ಅಲ್ಲ. ನಿಮ್ಮ ಚಿಕ್ಕಪ್ಪನವರಿಗೂ ಇದನ್ನೇ ಹೇಳಿ.

ನನ್ನ ಕಥೆ ಲೆಟ್ರೊಝೋಲಿನದು, ನಿಮ್ಮವ್ವನಿಗೆ ಮುಂದೆ ಬರುವಂಥದ್ದು. ಆ ಮಾತ್ರೆ ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುತ್ತದೆ. ಮುಟ್ಟು ನಿಂತವರಲ್ಲಿ ಇರುವ ಚೂರುಪಾರು ಈಸ್ಟ್ರೋಜನ್ ಕೂಡ ಇಳಿದುಹೋದಾಗ ಕೀಲುಗಳು ಹಿಡಿದುಕೊಳ್ಳುತ್ತವೆ. ಮಾತ್ರೆ ಶುರುಮಾಡಿ ಕೆಲವು ತಿಂಗಳಿಗೆ ಬೆಳಿಗ್ಗೆ ಎದ್ದರೆ ನನ್ನ ಬೆರಳು ಮಡಚಲು ಬರುತ್ತಿರಲಿಲ್ಲ. ನಂದಿನಿ ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿ ಹಿಡಿಯಲಾಗದೆ ಪಕ್ಕದ ಮನೆಯ ಹುಡುಗನನ್ನು ಕರೆಯುತ್ತಿದ್ದೆ. ದೇವರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರೆ ಗೋಡೆ ಹಿಡಿದು ಏಳಬೇಕಿತ್ತು. ಮಾತ್ರೆ ನಿಲ್ಲಿಸಿಬಿಡೋಣ ಅನ್ನಿಸಿದ ಬೆಳಗುಗಳು ಬೇಕಾದಷ್ಟು. ಈ ನೋವಿಗೇ ಬೇಸತ್ತು ಎಷ್ಟೋ ಜನ ಮಾತ್ರೆ ಬಿಡುತ್ತಾರೆ, ಬಿಟ್ಟವರಿಗೆ ಕಾಯಿಲೆ ಮರುಕಳಿಸುವ ಅಪಾಯ ಹೆಚ್ಚು. ನನ್ನ ಕ್ಯಾನ್ಸರ್ ಡಾಕ್ಟರೇ, "ನೋವಿನ ಮಾತ್ರೆ ದಿನವೂ ನುಂಗುವ ಬದಲು ಅಕ್ಯುಪಂಕ್ಚರ್ ಪ್ರಯತ್ನಿಸಿ ನೋಡಿ" ಅಂದರು.

ಮೇಷ್ಟರ ಬುದ್ಧಿ, ಹೋಗುವ ಮುಂಚೆ ಓದಿದೆ. ಅಮೆರಿಕದಲ್ಲಿ ಈ ನೋವಿನ ಮೇಲೆಯೇ ಒಂದು ದೊಡ್ಡ ಪ್ರಯೋಗ ನಡೆದಿದೆ, ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಇಂಥ ಮಾತ್ರೆ ತಿಂದು ಕೀಲುನೋವು ಬಂದಿದ್ದ 226 ಹೆಂಗಸರು. ಒಂದು ಗುಂಪಿಗೆ ನಿಜವಾದ ಅಕ್ಯುಪಂಕ್ಚರ್, ಇನ್ನೊಂದಕ್ಕೆ ಬಿಂದುಗಳಲ್ಲದ ಜಾಗದಲ್ಲಿ ಮೇಲುಮೇಲೆ ಚುಚ್ಚುವ ತೋರಿಕೆಯ ಸೂಜಿ, ಮೂರನೆಯದಕ್ಕೆ ಏನೂ ಇಲ್ಲ. ಮೊದಲ ಆರು ವಾರ ವಾರಕ್ಕೆರಡು ಸಲ, ಆಮೇಲೆ ಆರು ವಾರ ವಾರಕ್ಕೊಂದು ಸಲ. ನೋವನ್ನು ಸೊನ್ನೆಯಿಂದ ಹತ್ತರವರೆಗೆ ಅಳೆದಾಗ, ಆರು ವಾರಕ್ಕೆ ನಿಜವಾದ ಸೂಜಿಯವರಿಗೆ ಸುಮಾರು ಎರಡು ಅಂಕ ಇಳಿದಿತ್ತು, ಉಳಿದ ಎರಡು ಗುಂಪಿಗೆ ಒಂದರ ಆಸುಪಾಸು. ಪವಾಡವೇನಲ್ಲ. ಆದರೆ ಏಳರಷ್ಟಿದ್ದ ನೋವು ಐದಕ್ಕೆ ಬಂದರೆ ಕತ್ತರಿ ಹಿಡಿಯಬಹುದು, ಅದು ಅನುಭವಿಸಿದವರಿಗೆ ಗೊತ್ತು. 2022ರಲ್ಲಿ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘ ಕೊಟ್ಟ ಮಾರ್ಗಸೂಚಿಯಲ್ಲೂ ಈ ಕೀಲುನೋವಿಗೆ ಅಕ್ಯುಪಂಕ್ಚರ್ ಕೊಡಬಹುದು ಎಂದೇ ಇದೆ.

ನನಗೆ ಆಗಿದ್ದೂ ಹಾಗೆಯೇ. ಮೊದಲ ಕೆಲವು ಸಲ ಏನೂ ಗೊತ್ತಾಗಲಿಲ್ಲ. ಆಮೇಲೆ ನಿಧಾನಕ್ಕೆ ಬೆಳಗಿನ ಬಿಗಿತ ಕಮ್ಮಿಯಾಯಿತು. ಪೂರ್ತಿ ಹೋಗಿಲ್ಲ, ಮಳೆಗಾಲದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಮಾತ್ರೆ ಬಿಡಲಿಲ್ಲ, ನನಗೆ ಬೇಕಾಗಿದ್ದು ಅದೇ. ಸೂಜಿ ಇಂಜೆಕ್ಷನ್ ಸೂಜಿಯಂಥದ್ದಲ್ಲ, ಟೊಳ್ಳಿಲ್ಲ, ದಪ್ಪ ಕಾಲು ಮಿಲಿಮೀಟರಿನ ಆಸುಪಾಸು ಅಷ್ಟೆ. ಚುಚ್ಚುವಾಗ ಒಂದು ಚುಳುಕು, ಆಮೇಲೆ ಆ ಜಾಗ ಭಾರವಾದಂತೆ, ಒಳಗೆ ಜುಮ್ಮೆಂದಂತೆ. ಇಪ್ಪತ್ತು ಮೂವತ್ತು ನಿಮಿಷ ಸುಮ್ಮನೆ ಮಲಗಿರಬೇಕು. ನಾನಂತೂ ಅಲ್ಲಿಯೇ ನಿದ್ದೆ ಹೋಗುತ್ತಿದ್ದೆ.

ಈಗ ನಿಮ್ಮ ಎರಡು ಪ್ರಶ್ನೆ. ವಾಕರಿಕೆಗೆ ಪುರಾವೆ ಹಳೆಯದು. 1997ರಲ್ಲೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದಿದ್ದ ತಜ್ಞರ ಸಭೆ ಕೀಮೋ ವಾಂತಿ-ವಾಕರಿಕೆಗೆ ಅಕ್ಯುಪಂಕ್ಚರ್ ಉಪಯೋಗಕ್ಕೆ ಬರುತ್ತದೆ ಎಂದು ಒಪ್ಪಿತ್ತು. ಇದಕ್ಕೆ ಸೂಜಿಯೇ ಬೇಕೆಂದೂ ಇಲ್ಲ. ಅವ್ವನ ಎಡಗೈ ಅಂಗೈ ಮೇಲೆ ಮಾಡಿ ಹಿಡಿಯಿರಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಅವರದೇ ಮೂರು ಬೆರಳಿನಷ್ಟು ಅಗಲ ಬಿಟ್ಟು, ನಡುವೆ ಎರಡು ನರದಂತೆ ಎದ್ದು ಕಾಣುವ ಸ್ನಾಯುರಜ್ಜುಗಳಿವೆ, ಅವುಗಳ ಮಧ್ಯದ ತಗ್ಗು. ಅಲ್ಲಿ ಹೆಬ್ಬೆರಳಿನಿಂದ ಎರಡು ಮೂರು ನಿಮಿಷ ಒತ್ತಬೇಕು, ನೋಯುವಷ್ಟಲ್ಲ, ಗಟ್ಟಿಯಾಗಿ. ಕೀಮೋಗೆ ಹೊರಡುವ ಮುಂಚೆ, ಬಸ್ಸಿನಲ್ಲಿ, ಊಟಕ್ಕೆ ಮುಂಚೆ, ಯಾವಾಗ ಬೇಕಾದರೂ. ಡಾಕ್ಟರ್ ಕೊಟ್ಟ ವಾಂತಿ ಮಾತ್ರೆ ಮಾತ್ರ ಬಿಡಕೂಡದು, ಇದು ಅದರ ಜೊತೆಗೆ. ಆಪರೇಷನ್ ಆದ ಬಲಗೈಗೆ ಬೇಡ.

ಜೋಮಿನ ಬಗ್ಗೆ ನಾನು ಆಸೆ ಹುಟ್ಟಿಸುವುದಿಲ್ಲ. ಆಗಿರುವ ಪ್ರಯೋಗಗಳು ಚಿಕ್ಕವು. ಕೆಲವರಿಗೆ ಕಮ್ಮಿಯಾಗಿದೆ, ಆದರೆ ಖಚಿತವಾಗಿ ಹೇಳುವಷ್ಟಿಲ್ಲ. ನನ್ನ ಕಾಲ್ಬೆರಳ ಜೋಮು ಕೀಮೋ ಮುಗಿದ ಮೇಲೆ ತಾನೇ ನಿಧಾನಕ್ಕೆ ಇಳಿಯಿತು, ಅದರ ಕೀರ್ತಿ ಸೂಜಿಗೆ ಕೊಡಲು ನನಗೆ ಮನಸ್ಸಿಲ್ಲ. ನೀವು ಈಗ ಮಾಡಬೇಕಾದ್ದು ಬೇರೆ. ಚಪ್ಪಲಿ ಜಾರಿದ್ದು ತಿಳಿಯಲಿಲ್ಲ ಅಂದಿರಲ್ಲ, ಅದನ್ನು ಅದೇ ಮಾತಿನಲ್ಲಿ ಡಾಕ್ಟರಿಗೆ ಹೇಳಿ, ಮುಂದಿನ ಕೀಮೋ ಹಾಕುವ ಮುಂಚೆಯೇ ಹೇಳಿ. ಜೋಮು ಹೆಚ್ಚುತ್ತಿದ್ದರೆ ಅವರು ಪ್ಯಾಕ್ಲಿಟ್ಯಾಕ್ಸೆಲ್ ಡೋಸ್ ಇಳಿಸಬಹುದು, ಒಂದು ವಾರ ಮುಂದೂಡಬಹುದು. ಉರಿ ನೋವು ಇದ್ದರೆ ಡುಲೋಕ್ಸೆಟಿನ್ ಅಂತ ಮಾತ್ರೆಯಿದೆ, ಅದನ್ನು ಅವರೇ ಬರೆಯಬೇಕು. ನಮ್ಮ ಹೆಂಗಸರು ಇದನ್ನೆಲ್ಲ "ಕೀಮೋ ಅಂದಮೇಲೆ ಇರೋದೇ" ಅಂತ ನುಂಗಿಕೊಂಡು ಕೂರುತ್ತಾರೆ, ನನಗೆ ಅದು ತುಂಬ ಸಂಕಟ.

ಕೇಳಲು ಅಂಜಿಕೆಯಾದರೆ ಒಂದು ಚೀಟಿಯಲ್ಲಿ ಬರೆದು ಫೈಲಿನ ಮೇಲೆ ಪಿನ್ ಮಾಡಿ: "ಕಾಲು ಜೋಮು, ಚಪ್ಪಲಿ ಜಾರಿದರೂ ತಿಳಿಯದು. ವಾಕರಿಕೆ. ಅಕ್ಯುಪಂಕ್ಚರ್ ಮಾಡಿಸಬಹುದೇ, ಯಾವಾಗ?" ಎರಡು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಯಾರ ಹತ್ತಿರ ಹೋಗಬೇಕು ಅನ್ನುವುದು ಇನ್ನೂ ಮುಖ್ಯ. ಕೇಂದ್ರ ಸರ್ಕಾರ 2019ರಲ್ಲಿ ಅಕ್ಯುಪಂಕ್ಚರನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಎಂದು ಮಾನ್ಯ ಮಾಡಿದೆ ನಿಜ, ಆದರೆ ಬೋರ್ಡು ಹಾಕಿಕೊಂಡವರೆಲ್ಲ ಕಲಿತವರಲ್ಲ. ನಾನು ಹುಡುಕಿದ್ದು ಬಿಎನ್‌ವೈಎಸ್ ಮಾಡಿದ ಡಾಕ್ಟರನ್ನು, ಅಂದರೆ ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಪದವಿ. ಐದೂವರೆ ವರ್ಷದ ಆ ಓದಿನಲ್ಲಿ ಅಕ್ಯುಪಂಕ್ಚರ್ ಕಲಿಸುತ್ತಾರೆ. ನಮ್ಮ ಮೈಸೂರಿನಲ್ಲೇ ಸರ್ಕಾರಿ ಪ್ರಕೃತಿ ಚಿಕಿತ್ಸಾ ಮತ್ತು ಯೋಗ ಕಾಲೇಜು ಇದೆ, ಅಲ್ಲಿ ವಿಚಾರಿಸುವುದು ಒಳ್ಳೆಯ ಶುರು. ಯಾರೇ ಆಗಲಿ, ನೋಂದಣಿ ಸಂಖ್ಯೆ ಕೇಳಿ, ಕ್ಯಾನ್ಸರ್ ರೋಗಿಗಳನ್ನು ನೋಡಿದ್ದೀರಾ ಅಂತ ಕೇಳಿ. ನನ್ನ ಡಾಕ್ಟರ್ ಮೊದಲ ದಿನ ಸೂಜಿ ಮುಟ್ಟಲೇ ಇಲ್ಲ. ಆಪರೇಷನ್ ರಿಪೋರ್ಟು, ರಕ್ತಪರೀಕ್ಷೆ, ತಿನ್ನುವ ಮಾತ್ರೆಗಳ ಪಟ್ಟಿ ಎಲ್ಲ ನೋಡಿ, ನನ್ನ ಆಸ್ಪತ್ರೆಯಿಂದ ಒಪ್ಪಿಗೆ ಬರೆಸಿಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಆ ಒಂದು ಮಾತಿಗೇ ನನಗೆ ಅವರ ಮೇಲೆ ನಂಬಿಕೆ ಬಂತು.

ಡೇಕೇರ್ ಸಿಸ್ಟರ್

ಮೇಡಂ ಹೇಳಿದ್ದು ಸರಿಯಾಗಿದೆ. ನಾನು ಕೀಮೋ ಡೇಕೇರ್‌ನಲ್ಲಿ ಕೆಲಸ ಮಾಡೋದು, ನಮ್ಮ ಕಡೆಯಿಂದ ಕೆಲವು ಸೇರಿಸ್ತೀನಿ.

ಕೀಮೋ ನಡೀವಾಗ ಸೂಜಿ ಹಾಕಿಸೋದಾದ್ರೆ ಅದಕ್ಕೆ ಮುಂಚೆ ಸಿಬಿಸಿ, ಅಂದ್ರೆ ರಕ್ತಕಣಗಳ ಎಣಿಕೆ ಪರೀಕ್ಷೆ, ನೋಡಲೇಬೇಕು. ಕೀಮೋದಿಂದ ಬಿಳಿ ರಕ್ತಕಣ ಬೀಳುತ್ತೆ. ಮೂರು ವಾರಕ್ಕೊಂದು ಸಲ ಹಾಕೋ ಔಷಧಿಗಳಲ್ಲಿ 7ರಿಂದ 14ನೇ ದಿನದ ಮಧ್ಯೆ ಬಹಳ ಕೆಳಗಿರುತ್ತೆ. ಆವಾಗ ಚರ್ಮದಲ್ಲಿ ಒಂದು ಸಣ್ಣ ತೂತು ಕೂಡ ಸೋಂಕಿಗೆ ದಾರಿ. ನ್ಯೂಟ್ರೋಫಿಲ್ (ಸೋಂಕು ತಡೆಯೋ ಬಿಳಿ ರಕ್ತಕಣ) 1000ಕ್ಕಿಂತ, ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಕಣ) 50,000ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಸೂಜಿ ಬೇಡ ಅಂತಲೇ ಹೇಳೋದು. ವಾರವಾರ ಕೀಮೋಗೆ ಬರುವಾಗ ರಕ್ತ ತೆಗೆದೇ ತೆಗೀತಾರೆ, ಆ ರಿಪೋರ್ಟನ್ನೇ ತಗೊಂಡು ಹೋಗಿ ತೋರಿಸಿ. ರಕ್ತ ತೆಳುವಾಗೋ ಮಾತ್ರೆ ತಗೊಳ್ತಿದ್ರೆ ಅದನ್ನೂ ಹೇಳಬೇಕು.

ಬಲಗೈ ವಿಷಯ ಮತ್ತೆ ಹೇಳ್ತೀನಿ, ಜನ ಮರೀತಾರೆ. ಕಂಕುಳ ಗಂಟು ತೆಗೆದ ಕಡೆ ಕೈ ಬಾವು ಬರೋ ಅಪಾಯ ಜೀವನಪೂರ್ತಿ ಇರುತ್ತೆ. ನಾವು ಆ ಕೈಗೆ ಬಿಪಿ ಕೂಡ ಕಟ್ಟಲ್ಲ, ರಕ್ತ ತೆಗೆಯಲ್ಲ. ಆ ಕೈಗೆ ಅಕ್ಯುಪಂಕ್ಚರ್ ಬೇಡ, ಆ ಕಡೆ ಎದೆಗೂ ಬೇಡ. ಕೀಮೋ ಕೊಡೋಕೆ ಚರ್ಮದ ಕೆಳಗೆ ಪೋರ್ಟ್ ಹಾಕಿದ್ರೆ ಅದರ ಹತ್ರಾನೂ ಬೇಡ. ರೇಡಿಯೇಷನ್ ಆಗ್ತಿರೋ ಚರ್ಮಕ್ಕೆ ಸೂಜಿ, ಎಣ್ಣೆ, ಕಪ್ಪಿಂಗ್ ಯಾವುದೂ ಬೇಡ.

ಇನ್ನೊಂದು ಬಹಳ ಮುಖ್ಯ. ಕೆಲವು ಕಡೆ ಸೂಜಿ ಜೊತೆ ಮಾಕ್ಸಾ ಅಂತ ಒಂದು ಗಿಡದ ಕಡ್ಡಿಗೆ ಬೆಂಕಿ ಹಚ್ಚಿ ಶಾಖ ಕೊಡ್ತಾರೆ, ಇಲ್ಲಾ ಕೆಂಪು ಲೈಟ್ ಇಡ್ತಾರೆ. ನಿಮ್ಮ ತಾಯಿಗೆ ಕಾಲಲ್ಲಿ ಸ್ಪರ್ಶವೇ ಇಲ್ಲ, ಸುಟ್ಟರೂ ಗೊತ್ತಾಗಲ್ಲ. ಕಾಲಿಗೆ ಶಾಖ ಬೇಡ ಅಂತ ಮೊದಲೇ ಹೇಳಿ. ಮನೇಲೂ ಬಿಸಿನೀರಲ್ಲಿ ಕಾಲಿಡೋಕೆ ಮುಂಚೆ ನೀವು ಕೈ ಹಾಕಿ ನೋಡಿ, ಒಲೆ ಹತ್ರ ಕಾಲು ಕಾಯಿಸ್ಕೊಳ್ಳೋದು ನಿಲ್ಲಿಸಿ. ಹವಾಯಿ ಬದಲು ಹಿಂದೆ ಪಟ್ಟಿ ಇರೋ ಚಪ್ಪಲಿ ಕೊಡಿಸಿ. ರಾತ್ರಿ ಅಂಗಾಲು ಒಂದು ಸಲ ನೋಡಿ, ಮುಳ್ಳು ಗಿಳ್ಳು ಚುಚ್ಚಿರುತ್ತೆ.

ಸೂಜಿ ಹೊಸದಾಗಿರಬೇಕು, ಕಣ್ಣೆದುರಿಗೇ ಸೀಲ್ ಒಡೀಬೇಕು, ಮುಗಿದ ಮೇಲೆ ಎಸೀಬೇಕು. ಸೂಜಿ ಜೊತೆ ಪುಡಿ, ಕಷಾಯ, ಮಾತ್ರೆ ಕೊಟ್ಟರೆ ನಮಗೆ ತೋರಿಸದೆ ಕುಡಿಸಬೇಡಿ. ಜ್ವರ 100.4 ಮುಟ್ಟಿದ್ರೆ ಸೂಜಿಯೂ ಇಲ್ಲ, ಮನೆಮದ್ದೂ ಇಲ್ಲ, ಅರ್ಧರಾತ್ರಿ ಆದ್ರೂ ಸೀದಾ ಆಸ್ಪತ್ರೆಗೆ.

ಮತ್ತೆ, ಡಾಕ್ಟರ್ ಬಯ್ತಾರೆ ಅಂತ ಮುಚ್ಚಿಡಬೇಡಿ. ಮುಚ್ಚಿಟ್ಟಾಗಲೇ ನಮಗೆ ಕಷ್ಟ ಆಗೋದು.

ಮದ್ದೂರು ಕಬ್ಬು

ತಂಗಿ, ನಿಮ್ಮ ಚಿಕ್ಕಪ್ಪ ರೇಡಿಯೇಷನ್ ಬೇಡ ಅಂತಾವ್ರೆ ಅಂದಿದ್ದಕ್ಕೆ ಬರೀತಿವ್ನಿ. ನಮ್ಮತ್ತಿಗೆಗೂ ಎದೆ ಗಡ್ಡೆ. ಸಣ್ಣದಿತ್ತು, ಆಪರೇಷನ್ ಮಾಡ್ಸಿ ಅಂದ್ರು. ಅಷ್ಟರಲ್ಲಿ ಒಬ್ಬ ಸಿಕ್ಕಿದ, ಚಾಕು ಮುಟ್ಟಿಸಿದ್ರೆ ಹರಡ್ತದೆ, ಸೂಜಿ ಮತ್ತೆ ನನ್ನ ಪುಡಿಲೇ ಕರಗಿಸ್ತೀನಿ ಅಂದ. ಹೆಸರು ಬರೆಯಲ್ಲ. ಅಣ್ಣ ಕಬ್ಬಿನ ದುಡ್ಡು ಬಂದಂಗೆ ಅಲ್ಲಿಗೆ ಸುರಿದ. ಅತ್ತಿಗೆ ಪಾಪ, ನೋವು ಕಮ್ಮಿ ಆಯ್ತಾದೆ ಅಂತಲೇ ಅನ್ನೋರು, ಗಡ್ಡೆ ಮಾತ್ರ ಬೆಳೀತಾ ಇತ್ತು. ಹುಣ್ಣು ಒಡೆದ ಮೇಲೆ ಬೆಂಗಳೂರಿನ ಕಿದ್ವಾಯಿಗೆ ಕರ್ಕೊಂಡೋದ್ವು. ಅಲ್ಲಿ ಡಾಕ್ಟ್ರು ಚೆನ್ನಾಗೇ ನೋಡ್ಕೊಂಡ್ರು, ಆದ್ರೆ ಅಷ್ಟೊತ್ತಿಗೆ ಶ್ವಾಸಕೋಶಕ್ಕೆ ಹೋಗಿತ್ತು. ಅವರ ಮಗಳು ಆಗ ಎಸ್ಸೆಸ್ಸೆಲ್ಸಿ.

ನಾನು ಸೂಜಿ ವಿರೋಧಿ ಅಲ್ಲ. ಮೇಡಂ ಹೇಳ್ದಂಗೆ ನೋವಿಗೆ ಆಯ್ತದೆ ಅಂದ್ರೆ ಆಗ್ಲಿ. ಆದ್ರೆ ಯಾವೋನಾದ್ರೂ "ಕೀಮೋ ಬುಡಿ, ಕರೆಂಟು (ರೇಡಿಯೇಷನ್) ಬುಡಿ" ಅಂದ್ರೆ ಅಲ್ಲಿ ಕುರ್ಚಿ ಮೇಲೂ ಕೂರಬೇಡಿ, ಎದ್ದು ಬನ್ನಿ. ಚಿಕ್ಕಪ್ಪ ಕೇಳದೆ ಇದ್ರೆ ನನಗೆ ಮೆಸೇಜ್ ಮಾಡಿ, ನಾನೇ ಮಾತಾಡ್ತೀನಿ.

ನಿವೃತ್ತ ಮೇಡಂ, ಸರಸ್ವತಿಪುರಂ

ಮದ್ದೂರಿನ ತಮ್ಮಾ, ಓದಿ ತುಂಬ ಹೊತ್ತು ಏನೂ ಬರೆಯಲಾಗಲಿಲ್ಲ. ಆ ಮಗು ಚೆನ್ನಾಗಿರಲಿ.

ನೀವು ಹೇಳಿದ್ದಕ್ಕೆ ಲೆಕ್ಕವೂ ಇದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ವಾಸಿಯಾಗಬಹುದಾದ ಹಂತದಲ್ಲೇ ಇದ್ದು, ಆಸ್ಪತ್ರೆ ಚಿಕಿತ್ಸೆ ಬಿಟ್ಟು ಬರೀ ಪರ್ಯಾಯ ಚಿಕಿತ್ಸೆ ಹಿಡಿದವರನ್ನು ಉಳಿದವರ ಜೊತೆ ಹೋಲಿಸಿದ್ದಾರೆ. ಒಟ್ಟಾರೆ ಸಾವಿನ ಅಪಾಯ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಿನಲ್ಲಿ ಐದೂವರೆ ಪಟ್ಟಿಗಿಂತ ಹೆಚ್ಚು. ಪಾಂಡವಪುರದ ಮಗಳೇ, ಚಿಕ್ಕಪ್ಪನವರಿಗೆ ಈ ಅಂಕಿ ಓದಿ ಹೇಳಿ. ಅವರು ತಮ್ಮ ಅತ್ತಿಗೆ, ಅಂದರೆ ನಿಮ್ಮವ್ವನ ಮೇಲಿನ ಪ್ರೀತಿಗೇ ಹೇಳುತ್ತಿರಬಹುದು, ಜಗಳ ಬೇಡ. ಓಡಾಡಲು ಅಷ್ಟು ಉತ್ಸಾಹ ಇದ್ದರೆ ರೇಡಿಯೇಷನ್‌ಗೆ ಕರೆದುಕೊಂಡು ಹೋಗುವ ಕೆಲಸ ಅವರಿಗೇ ಒಪ್ಪಿಸಿ.

ಪಾಂಡವಪುರದವಳು

ಎಲ್ಲರಿಗೂ ಕೈ ಮುಗಿದು ಹೇಳ್ತೀನಿ, ತುಂಬಾ ಉಪಕಾರ ಆಯ್ತು. ಮದ್ದೂರಣ್ಣ, ನಿಮ್ಮದು ಓದಿ ಚಿಕ್ಕಪ್ಪಂಗೇ ಕಳಿಸ್ದೆ. ಎರಡು ದಿನ ಫೋನ್ ಇಲ್ಲ, ಮೂರನೇ ದಿನ ಮಾಡಿ "ರೇಡಿಯೇಷನ್ ಯಾವಾಗಿಂದ" ಅಂತ ಕೇಳಿದ್ರು.

ಸೋಮವಾರ ಚೀಟಿ ಪಿನ್ ಮಾಡ್ಕೊಂಡು ಹೋಗಿದ್ದೆ ಮೇಡಂ. ಡಾಕ್ಟರ್ ಓದಿ ಅವ್ವನ ಕಣ್ಣು ಮುಚ್ಚಿಸಿ ಅಂಗಾಲಿಗೆ ಹತ್ತಿ ಮುಟ್ಟಿಸಿ ನೋಡಿದ್ರು. ಬೆರಳುಗಳ ಹತ್ರ ಗೊತ್ತೇ ಆಗಲಿಲ್ಲ ಅವ್ವಂಗೆ. ಈ ವಾರ ಕೀಮೋ ನಿಲ್ಲಿಸಿದ್ದಾರೆ, ಮುಂದಿನ ವಾರದಿಂದ ಡೋಸ್ ಕಮ್ಮಿ ಮಾಡ್ತಾರಂತೆ. ಇದನ್ನ ಯಾಕೆ ಮೊದಲೇ ಹೇಳಲಿಲ್ಲಮ್ಮ ಅಂತ ಅವ್ವನ್ನ ಕೇಳಿದ್ರು, ಅವ್ವ ತಲೆ ತಗ್ಗಿಸ್ಕೊಂಡು ಕೂತಿದ್ಲು. ಅಕ್ಯುಪಂಕ್ಚರ್‌ಗೆ ಅಡ್ಡಿ ಇಲ್ಲ, ಆದ್ರೆ ಕೀಮೋ ಮುಗೀಲಿ, ಕೌಂಟ್ ಸರಿ ಹೋಗ್ಲಿ, ಬಿಎನ್‌ವೈಎಸ್ ಡಾಕ್ಟರ್ ಹತ್ರ ಮಾತ್ರ ಹೋಗಿ, ನಾನು ಪತ್ರ ಕೊಡ್ತೀನಿ ಅಂದ್ರು. ಮಣಿಕಟ್ಟು ಒತ್ತೋದು ಈಗಿಂದ್ಲೇ ಮಾಡಿ ಅಂದ್ರು. ಅವ್ವ ಬಸ್ಸಲ್ಲಿ ಶ್ರೀರಂಗಪಟ್ಟಣ ದಾಟೋವರೆಗೂ ಒತ್ತಿಕೊಂಡೇ ಕೂತಿರ್ತಾಳೆ. ನಿನ್ನೆ ಅರ್ಧ ಮುದ್ದೆ ತಿಂದ್ಲು, ಉಪ್ಸಾರಲ್ಲಲ್ಲ, ಮೊಸರಲ್ಲಿ.

ಎರಡು ಸಣ್ಣ ಅನುಮಾನ. ಲೆಟ್ರೊಝೋಲ್ ಶುರು ಮಾಡಿದ ತಕ್ಷಣವೇ ಸೂಜಿಗೆ ಹೋಗೋದಾ? ಮತ್ತೆ ಅವ್ವ ಕೇಳ್ತಾಳೆ, ಸೂಜಿ ಹಾಕೋವಾಗ ಬಳೆ ತೆಗೀಬೇಕಾ, ಉಪವಾಸ ಹೋಗಬೇಕಾ ಅಂತ.

ನಿವೃತ್ತ ಮೇಡಂ, ಸರಸ್ವತಿಪುರಂ

ಮುದ್ದೆ ತಿಂದರು ಅಂತ ಓದಿ ನನಗೇ ಹೊಟ್ಟೆ ತುಂಬಿತು ಮಗಳೇ.

ಮಾತ್ರೆ ಶುರುವಾದ ತಕ್ಷಣ ಬೇಡ. ಕೀಲುನೋವು ಎಲ್ಲರಿಗೂ ಬರುವುದಿಲ್ಲ, ಬಂದರೆ ನೋಡಿಕೊಂಡರಾಯಿತು. ಅಲ್ಲಿಯವರೆಗೆ ದಿನಾ ನಡೆಸಿ, ನಡಿಗೆಯಿಂದಲೂ ಈ ನೋವು ಕಮ್ಮಿಯಾಗುತ್ತದೆ, ಅದಕ್ಕೆ ದುಡ್ಡೂ ಬೇಕಿಲ್ಲ. ಕಾಲು ಜೋಮು ಇರುವವರೆಗೆ ಗದ್ದೆ ಬದುವಿನ ಮೇಲೆ ಬೇಡ, ಸಮನಾದ ರಸ್ತೆಯಲ್ಲಿ, ಜೊತೆಗೆ ಒಬ್ಬರಿರಲಿ. ನೋವು ಬಂದು ಸೂಜಿಗೆ ಹೋದರೆ ಒಂದೆರಡು ಸಲಕ್ಕೆ ಫಲ ಕಾಣಲಿಲ್ಲ ಅಂತ ಬಿಡಬೇಡಿ, ಐದಾರು ವಾರ ಮಾಡಿಸಿ ನೋಡಿ. ಅಷ್ಟಾದರೂ ಏನೂ ವ್ಯತ್ಯಾಸ ಇಲ್ಲದಿದ್ದರೆ ಆ ದುಡ್ಡು ಹಾಲು ಮೊಟ್ಟೆಗೆ ಹಾಕಿ, ಡಾಕ್ಟರಿಗೆ ಹೇಳಿ, ಮಾತ್ರೆ ಬದಲಾಯಿಸುವ ದಾರಿಯೂ ಇದೆ.

ಉಪವಾಸ ಖಂಡಿತ ಬೇಡ. ಖಾಲಿ ಹೊಟ್ಟೆಯಲ್ಲಿ ಸೂಜಿ ಹಾಕಿದರೆ ಕೆಲವರಿಗೆ ತಲೆಸುತ್ತು ಬರುತ್ತದೆ. ಒಂದೆರಡು ಇಡ್ಲಿ ತಿನ್ನಿಸಿ ಕರೆದುಕೊಂಡು ಹೋಗಿ. ಎಡಗೈಗೆ ಸೂಜಿ ಹಾಕುವಾಗ ಬಳೆ ಮೇಲಕ್ಕೆ ಸರಿಸಿದರೆ ಸಾಕು. ಬಲಗೈ ಬಳೆ ಮಾತ್ರ ಬಿಗಿಯಾಗಿದ್ದರೆ ಈಗಲೇ ತೆಗೆಸಿ ಒಂದು ಸೈಜ್ ದೊಡ್ಡದು ತೊಡಿಸಿ, ಕೈ ಬಾತರೆ ಆಮೇಲೆ ತೆಗೆಯಲು ಬರುವುದಿಲ್ಲ.